ಗಿಣಿಯ ಒಂಟಿ ಸೀನು

“ಈಗ ಸೀನಿದ್ದು ಯಾರು?”

ಹೊಸ್ತಿಲಾಚೆ ಇಡಲು ಎತ್ತಿದ ಬಲಗಾಲನ್ನು ಗಾಳಿಯಲ್ಲೇ ನಿಲ್ಲಿಸಿಕೊಂಡು ಶಾಂತರಾಜು ಕೇಳಿದ. ಉತ್ತರ ಕೊಡಲು ಮನೆಯಲ್ಲಿ ನರಪಿಳ್ಳೆ ಇರಲಿಲ್ಲ. ಕಿಟಕಿಯ ಪಕ್ಕದ ಪಂಜರದಲ್ಲಿ ಗಿಣಿಯೊಂದು ಕತ್ತು ವಾರೆ ಮಾಡಿ ಅವನನ್ನೇ ನೋಡುತ್ತಿತ್ತು. ಇನ್ನೊಮ್ಮೆ ಕಾಲೆತ್ತಿದ.

“ಆಕ್ಷೀ!” ಎಂದಿತು ಗಿಣಿ.

ಬಾಣಂತನಕ್ಕೆ ಭೀಮನಬೀಡಿಗೆ ಹೋದ ಹೆಂಡತಿ ಪವಿತ್ರ ಇಂದು ಮಗುವಿನೊಂದಿಗೆ ಗುಂಡ್ಲುಪೇಟೆಯ ಈ ಮನೆಗೆ ಬರಬೇಕಿತ್ತು. ಅವಳಿಗಿಂತ ಮೊದಲು ಅವಳು ಸಾಕಿದ ಗಿಣಿ ಸೇರಿಕೊಳ್ಳಲಿ ಎಂದು ಮಾವ ಮರಿಯಯ್ಯ ನಿನ್ನೆಯ ಬಸ್ಸಿನಲ್ಲಿ ಪಂಜರ ಕಳಿಸಿ, “ನಾಳೆ ಹೊತ್ತು ಮುಳುಗೋದ್ರೊಳಗೆ ಬಂದು ಕರ್ಕೊಂಡು ಓಗ್ಬೇಕು” ಎಂದು ಹೇಳಿಕಳಿಸಿದ್ದರು. ಆಷಾಢ ಹಿಡಿಯುವ ಮುನ್ನ ಉಳಿದಿದ್ದ ಒಳ್ಳೆಯ ದಿನ ಅದೊಂದೇ. ತಪ್ಪಿದರೆ ಇನ್ನೂ ಒಂದು ತಿಂಗಳು. ಚಾಮರಾಜನಗರ ಹೊಸ ಜಿಲ್ಲೆಯಾದಾಗಿನಿಂದ ಕಚೇರಿಯಲ್ಲಿ ಕಾಗದಗಳು ಬೆಟ್ಟವಾಗಿದ್ದವು. ಗುಮಾಸ್ತ ಶಾಂತರಾಜುವಿಗೆ ಒಂದು ದಿನದ ರಜೆ ಸಿಕ್ಕಿದ್ದೇ ದೇವರ ಪ್ರಸಾದ. ಮಗುವಿನ ಮುಖ ಅವನು ಕಂಡದ್ದು ಮೂರೇ ಸಲ. ತಾನೇ ಬೇಯಿಸಿದ ಅನ್ನವನ್ನು ಐದು ತಿಂಗಳು ತಿಂದ ಅವನ ನಾಲಿಗೆ ಸನ್ಯಾಸದ ಅಂಚಿಗೆ ಬಂದಿತ್ತು.

ಆದರೂ ಒಂಟಿ ಸೀನು ದಾಟಿ ಹೋಗುವುದುಂಟೆ? ಒಳಗೆ ಬಂದು ಕೂತ. ನೀರು ಕುಡಿದ. ದೇವರ ಪಟಕ್ಕೆ ಕೈಮುಗಿದು ಎದ್ದು ಹೊರಟ.

“ಆಕ್ಷೀ!”

ಮತ್ತೆ ಕೂತ, ಮತ್ತೆ ನೀರು. ಭಾರತ ಓದುವವರು ಮೆಚ್ಚಿದ ಸಾಲನ್ನು ಬಿಡದೆ ತಿರುತಿರುಗಿಸಿ ಹಾಡುವಂತೆ, ಅವನು ಹೊಸ್ತಿಲಿಗೆ ಬಂದಾಗಲೆಲ್ಲ ಗಿಣಿ ಅದೇ ಸೀನನ್ನು ಅದೇ ಗತ್ತಿನಲ್ಲಿ ಒಪ್ಪಿಸಿತು. ಐದನೇ ಚೊಂಬು ಮುಗಿಯುವಾಗ ಒಂಬತ್ತರ ಬಸ್ಸು ಹೋಗಿತ್ತು. ಹಿತ್ತಲ ಬಾಗಿಲಿನಿಂದ ನುಸುಳಲು ನೋಡಿದ. ಚಿಲಕದ ಸದ್ದಿಗೇ ಸೀನಿತು. ಪಂಜರಕ್ಕೆ ಕಂಬಳಿ ಹೊದಿಸಿದ, ಕಂಬಳಿ ಸೀನಿತು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೋವಿಂದಯ್ಯ ಜಗಲಿಯಿಂದ ಇದನ್ನೆಲ್ಲ ನೋಡುತ್ತಲೇ ಇದ್ದರು.

“ಹಕ್ಕಿಗೆ ಮುಂದಾಗೋದು ಕಾಣ್ತದೆ ಕಣಪ್ಪ. ಒಂಟಿ ಸೀನು ಬ್ಯಾಡ ಅಂತದೆ. ಜೋಡಿ ಸೀನು ಬಂದ್ರೆ ಅಪ್ಪಣೆ ಆದಂಗೆ, ಧೈರ್ಯವಾಗಿ ಓಗು.”

“ಅದು ಒಂದೇ ಸೀನ್ತದಲ್ಲ ಮೇಷ್ಟ್ರೇ?”

“ಸೀನಿಸ್ಬೇಕು. ಮೆಣಸಿನ್ಕಾಯಿ ಹುರಿ.”

ಶಾಂತರಾಜು ಕಂಬಳಿ ತೆಗೆದು, ಒಣಮೆಣಸಿನಕಾಯಿಯನ್ನು ಬಾಣಲೆಗೆ ಸುರಿದ. ಘಾಟು ಬೀದಿಯ ಕೊನೆ ಮುಟ್ಟಿತು. ಗೋವಿಂದಯ್ಯ ಹನ್ನೊಂದು ಸಲ ಸೀನಿದರು. ಶಾಂತರಾಜು ಒಂಬತ್ತು. ಎದುರುಮನೆಯ ಹಸುವೂ ಕಟ್ಟು ಕಿತ್ತುಕೊಂಡು ಸೀನಿತು. ಗಿಣಿ ಮಾತ್ರ ತಪಸ್ಸಿಗೆ ಕೂತ ಋಷಿಯಂತೆ ಕಣ್ಣು ಮುಚ್ಚಿಕೊಂಡಿತ್ತು. ಹನ್ನೆರಡರ ಬಸ್ಸೂ ಹೋಯಿತು, ಎರಡೂವರೆಯದೂ ಹೋಯಿತು.

ನಾಲ್ಕು ಗಂಟೆಗೆ ಮೂಗಿಗೆ ಸೆರಗು ಒತ್ತಿಕೊಂಡು ಎದುರುಮನೆಯ ರಾಚಮ್ಮ ಜಗಳಕ್ಕೆ ಬಂದಳು.

“ಏನ್ರಪ್ಪ, ಮನೇಲಿ ಮದ್ವೆ ಊಟನಾ? ನನ್ ಹಸ ಹಾಲು ಕೊಡ್ತಾ ಇಲ್ಲ!”

ಶಾಂತರಾಜು ಗೋಳು ಹೇಳಿಕೊಂಡು, ತೋರಿಸಲೆಂದು ಹೊಸ್ತಿಲಿಗೆ ಕಾಲಿಟ್ಟ. “ಆಕ್ಷೀ!”

ರಾಚಮ್ಮ ಸೆರಗು ಬಿಟ್ಟು ಬಿದ್ದು ಬಿದ್ದು ನಕ್ಕಳು. “ಅಯ್ಯೋ ನಿನ್ ಬುದ್ಧಿಗಿಷ್ಟು! ಅದು ನಿಮ್ ಮಾವ್ನ ಸೀನು ಕಣಪ್ಪ! ನಾನೂ ಭೀಮನಬೀಡಿನೋಳೇ. ಮರಿಯಣ್ಣ ಬಾಗ್ಲು ತೆಗ್ದು ಆಚಿಗೆ ಕಾಲಿಟ್ರೆ ಮೂಗಿಗೆ ನಸ್ಯ, ಆಮ್ಯಾಕೆ ಇಂಗೇ ಒಂದು ಸೀನು. ಗಿಣಿ ದಿನಾ ಕೇಳಿ ಕಲ್ತದೆ ಅಷ್ಟೇಯ.”

“ಶಾಸ್ತ್ರದಲ್ಲಿ...” ಎಂದರು ಗೋವಿಂದಯ್ಯ.

“ಸುಮ್ಕಿರಿ ಮೇಷ್ಟ್ರೇ!” ಎಂದ ಶಾಂತರಾಜು.

ಅವನ ಎದೆ ಒಮ್ಮೆಗೇ ಹಗುರಾಯಿತು. ಭಯವೆಲ್ಲ ಸಿಟ್ಟಾಯಿತು. ಐದರ ಬಸ್ಸು ಇನ್ನೂ ಇತ್ತು! ಮುಖ ತೊಳೆದು, ಗಿಣಿಯ ಬಾಯಿಗೊಂದು ಹಸಿಮೆಣಸಿನಕಾಯಿ ತುರುಕಿ, ಬಾಗಿಲೆಳೆದು ಬೀಗ ಹಾಕಲು ಬಗ್ಗಿದ.

“ಆಕ್ಷೀ!”

“ಸೀನ್ಲಾ ಮುದುಕ, ಸೀನು!” ಶಾಂತರಾಜು ಬೀಗ ತಿರುಗಿಸುತ್ತಲೇ ಗುಡುಗಿದ. “ನಿನ್ ನಸ್ಯದ ಮೂಗ್ನ ಕುಯ್ದು ಉಪ್ಪಿನ್ಕಾಯಿ ಹಾಕ್ಬುಡ್ತೀನಿ! ಬೆಳಿಗ್ಗಿಂದ ಹೊಸ್ತಿಲು ದಾಟಕ್ಕೆ ಬುಟ್ಟಿಲ್ಲ. ನಾಳೆಯಿಂದ ಈ ಮನೇಲಿ ನೀನಿರ್ಬೇಕು, ಇಲ್ಲ ನಾನಿರ್ಬೇಕು!”

ಹೇಳಿ ಗೆಲುವಿನಿಂದ ಕಿಟಕಿಯತ್ತ ನೋಡಿದ. ಗಿಣಿಯ ಕೊಕ್ಕಿನಲ್ಲಿ ಮೆಣಸಿನಕಾಯಿ ಇನ್ನೂ ಹಾಗೇ ಅಡ್ಡವಾಗಿತ್ತು.

ಶಾಂತರಾಜು ಮೆಲ್ಲಗೆ ಹಿಂದಕ್ಕೆ ತಿರುಗಿದ.

ಮೆಟ್ಟಿಲ ಮೇಲೆ ನಸ್ಯದ ಡಬ್ಬಿ ಹಿಡಿದು ಮರಿಯಯ್ಯ ನಿಂತಿದ್ದರು. ಅಳಿಯ ಬರುವ ದಾರಿ ಕಾದು ಸಾಕಾಗಿ, ಒಳ್ಳೆಯ ದಿನ ಕೈತಪ್ಪೀತೆಂದು, ಮಗಳನ್ನೂ ಮೊಮ್ಮಗುವನ್ನೂ ತಾವೇ ಕರೆತಂದಿದ್ದರು. ಹಿಂದೆ ನಿಂತಿದ್ದ ಆಟೋದಲ್ಲಿ ಪವಿತ್ರ ಮಗುವನ್ನು ಎದೆಗವಚಿ, ಬಾಯಿಗೆ ಸೆರಗು ಮುಚ್ಚಿಕೊಂಡಿದ್ದಳು. ಇಳಿಯಲು ಹೊರಗಿಟ್ಟ ಒಂದು ಪಾದ ಅಲ್ಲೇ ನಿಂತಿತ್ತು.

“ಮಾವ... ಅದು ನಿಮ್ಗಲ್ಲ ಮಾವ, ಗಿಣಿಗೆ!”

“ಗಿಣಿ ನಸ್ಯ ಹಾಕ್ತದ, ಅಳೀಮಯ್ಯ?”

ಶಾಂತರಾಜು ಸಾಕ್ಷಿಗಾಗಿ ಅತ್ತಿತ್ತ ನೋಡಿದ. ಗೋವಿಂದಯ್ಯನವರ ಜಗಲಿ ಖಾಲಿ. ರಾಚಮ್ಮನ ಬಾಗಿಲು ಮುಚ್ಚಿತ್ತು.

“ಕೇಳಿ ಬೇಕಾದ್ರೆ ಮಾವ,” ಎಂದು ಬೀಗ ತೆಗೆದು ಬಾಗಿಲು ಅಗಲಿಸಿದ. ಹೊಸ್ತಿಲನ್ನು ಅತ್ತಿಂದಿತ್ತ ಏಳು ಸಲ ದಾಟಿದ. ಗಿಣಿ ಮೆಣಸಿನಕಾಯಿ ಅಗಿಯುವುದರಲ್ಲಿ ಮಗ್ನವಾಗಿತ್ತು.

ಮರಿಯಯ್ಯ ಹೋಗಿ ಆಟೋದಲ್ಲಿ ಕೂತರು. ಪವಿತ್ರಳ ಪಾದ ಒಳಗೆ ಹೋಯಿತು. ಶಾಂತರಾಜು ಓಡಿ ಬಂದು ಆಟೋದ ಕಂಬಿ ಹಿಡಿದುಕೊಂಡ.

“ಆಷಾಢ ಬಂದ್ಬುಡ್ತದೆ ಮಾವ. ಕಾಲಿಗೆ ಬೀಳ್ತೀನಿ, ಪವಿತ್ರನ್ನ ಕಳ್ಸಿಕೊಡಿ.”

“ಕಳ್ಸಲ್ಲ,” ಎಂದರು ಮರಿಯಯ್ಯ.