ನಾಲ್ಕು ಸೊನ್ನೆಗಳ ಹಿಂದೆ ಒಂದು ಏಳು

ಹೆಂಡತಿ: ನಾಲ್ಕು ಸೊನ್ನೆ ಆದ್ಮೇಲೆ ಇಲ್ಲೊಂದು ಏಳು ಇತ್ತಲ್ಲ ರೀ, ಎಲ್ಲಿ ಹೋಯ್ತು?

ಗಂಡ: ಎಲ್ಲಿಗೂ ಹೋಗಿಲ್ಲ. ತೆಗೆದೆ.

ಹೆಂಡತಿ: ತೆಗೆದ್ರಾ! ಏಳನ್ನ?

ಗಂಡ: ಏಳನ್ನ ಮಾತ್ರ ಅಲ್ಲ, ಎರಡು ಸೊನ್ನೇನೂ ತೆಗೆದೆ. ಕಾಲಂ ಅಗಲ ಎರಡು ಬೆರಳು, ನಿನ್ನ ಅಂಕಿಯ ಬಾಲ ಬೀದಿ ತನಕ. ಸೊನ್ನೆ ಬಿಂದು ಸೊನ್ನೆ ಸೊನ್ನೆ ಅಂತ ಮುಗಿಸಿದೆ. ನೋಡು, ಎಷ್ಟು ಲಕ್ಷಣವಾಗಿದೆ!

ಗಂಡ ಪುಸ್ತಕ, ವರದಿಗಳನ್ನು ಅಚ್ಚಿಗಾಗಿ ಕಂಪ್ಯೂಟರಿನಲ್ಲಿ ಜೋಡಿಸಿ ಪುಟ ಕಟ್ಟುವವನು. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಹೆಂಡತಿ ಸಮೀಕ್ಷೆ ಕಚೇರಿಯಲ್ಲಿ ಅಂಕಿಅಂಶ ನೋಡುವವಳು. ಹತ್ತಿರದಲ್ಲೇ ಇರುತ್ತಾನೆ, ಹೇಳಿದ ಮಾತು ಕೇಳುತ್ತಾನೆ ಎಂದು ತನ್ನ ವರದಿಯನ್ನು ಅವನಿಗೇ ಕೊಡಿಸಿದ್ದಳು. ಹತ್ತಿರದಲ್ಲಿ ಇದ್ದದ್ದೇನೋ ನಿಜ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ಆದರೆ ಈ ಜಗಳಕ್ಕೆ ಅಷ್ಟು ಪುರುಸೊತ್ತಿರಲಿಲ್ಲ. ಐದು ಗಂಟೆಗೆ ಆಫೀಸಿನ ಗಾಡಿ ಬರುವುದಿತ್ತು, ಗಂಟೆ ಆಗಲೇ ನಾಲ್ಕೂ ಇಪ್ಪತ್ತು.

ಹೆಂಡತಿ: ಬೆಳಿಗ್ಗೆ ಇದೇ ಜಾಗದಲ್ಲಿ ಎರಡು ಅಂತ ಹಾಕಿದ್ರಿ!

ಗಂಡ: ನಿನ್ನ ಕಂಪ್ಯೂಟರ್ ಕೊಟ್ಟಿದ್ದೇ ಹಾಗೆ. ಏಳು, ಒಂದು ಇಂಗ್ಲಿಷ್ 'ಇ', ಆಮೇಲೆ ಮೈನಸ್ ಐದು. ಪಾಪ, ಕಳೆಯೋ ಲೆಕ್ಕ ಅರ್ಧಕ್ಕೇ ಬಿಟ್ಟಿದ್ದಾಳೆ ಅಂತ ನಾನೇ ಮುಗಿಸಿಕೊಟ್ಟೆ. ಉಪಕಾರ ಸ್ಮರಣೆ ಅನ್ನೋದೇ ಇಲ್ಲ ನಿನಗೆ.

ಹೆಂಡತಿ: ಅದು ಕಳೆಯೋ ಲೆಕ್ಕ ಅಲ್ಲ ರೀ! ಬಿಂದು ಐದು ಮನೆ ಎಡಕ್ಕೆ ಹೋಗ್ಬೇಕು ಅಂತ. ಸೊನ್ನೆ ಬಿಂದು, ನಾಲ್ಕು ಸೊನ್ನೆ, ಏಳು.

ಗಂಡ: ಐದು ಮನೆ ಆಚೆ ಇರೋರನ್ನ ಯಾರು ಕೇಳ್ತಾರೆ? ನಮಗೆ ಪಕ್ಕದ ಮನೆಯವರ ಗುರುತೇ ಇಲ್ಲ.

ಹೆಂಡತಿ: ಮೂರು ವರ್ಷ, ನಾನೂರು ಮನೆ ಸುತ್ತಿದೀನಿ! ನಾಳೆ ಸಮಿತಿಯವರು ಮೊದಲು ನೋಡೋದೇ ಈ ಸಾಲನ್ನ. ಸೊನ್ನೆ ಕಂಡ್ರೆ, 'ಏನೂ ಸಿಕ್ಕಿಲ್ಲಮ್ಮ, ಇಲ್ಲಿಗೆ ಸಾಕು' ಅಂತ ಇಡೀ ಕೆಲಸ ನಿಲ್ಸಿಬಿಡ್ತಾರೆ.

ಗಂಡ: ಸಿಕ್ಕಿದ್ದಾದ್ರೂ ಏನು? ಗುಡ್ಡ ಅಗೆದು ಇಲಿ ಹಿಡಿದ ಹಾಗೆ. ಇಲೀನೂ ಅಲ್ಲ, ಇಲಿಯ ಮೀಸೆ! ಅಷ್ಟಕ್ಕೂ ಯಾವುದರ ಲೆಕ್ಕ ಇದು?

ತೊಂಬತ್ತು ಪುಟ ಕಟ್ಟಿದವನ ಬಾಯಲ್ಲಿ ಈ ಪ್ರಶ್ನೆ! ಆದರೆ ಪುಟ ಕಟ್ಟುವವನು ಓದುತ್ತ ಕೂತರೆ ಪುಟ ಮುಗಿಯುವುದಿಲ್ಲ ಎಂಬುದು ಅವನ ವೃತ್ತಿಧರ್ಮ.

ಹೆಂಡತಿ: ವಾರದಲ್ಲಿ ಗಂಡ ಮನೆಗೆಲಸಕ್ಕೆ ಕೈಹಾಕಿದಷ್ಟೂ ಹೆಂಡತಿಯ ನೆಮ್ಮದಿ ಎಷ್ಟು ಹೆಚ್ಚುತ್ತೆ ಅಂತ. ನೆಮ್ಮದಿಗೆ ಹತ್ತಕ್ಕೆ ಇಷ್ಟು ಅಂತ ಅಂಕ.

ಗಂಡನ ಬೆರಳು ಕೀಬೋರ್ಡಿನ ಮೇಲೆ ಹಾಗೇ ನಿಂತಿತು.

ಗಂಡ: ಅಂದ್ರೆ... ಗಂಡಸರು ಮೈಮುರಿದು ಮಾಡಿದ್ದಕ್ಕೆ ಸೊನ್ನೆ?

ಹೆಂಡತಿ: ಸೊನ್ನೆ ಹಾಕಿದ್ದು ನೀವು. ಲಕ್ಷಣವಾಗಿದೆ ಅಂದಿದ್ದೂ ನೀವೇ.

ಗಂಡ: ಅನ್ಯಾಯ! ಎಲ್ಲಿ ಆ ಏಳು? ಕೊಡಿಲ್ಲಿ! ಮೊನ್ನೆ ಪಾತ್ರೆ ತೊಳೆದೋರು ಯಾರು?

ಹೆಂಡತಿ: ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೋತೀರಿ? ಆ ನಾನೂರು ಮನೇಲಿ ನಮ್ಮನೆ ಇಲ್ಲ.

ಗಂಡ: ಇಲ್ಲದಿದ್ರೇನು, ಇದು ಗಂಡಂದಿರ ಕುಲದ ಮಾನದ ಪ್ರಶ್ನೆ! ಹನಿ ಹನಿ ಕೂಡಿದ್ರೆ ಹಳ್ಳ. ಒಂದು ಸೊನ್ನೇನೂ ಬಿಡಲ್ಲ ನೋಡು.

ಬಿಡಲಿಲ್ಲ. ಆ ಕಾಲಂ ಅಗಲ ಮಾಡಿದ. ಕೊನೆಯ ಕಾಲಂ ಮುಂದಿನ ಪುಟಕ್ಕೆ ಹಾರಿತು. ಅಕ್ಷರ ಸಣ್ಣದು ಮಾಡಿದ. ಇಡೀ ಕೋಷ್ಟಕ ಇರುವೆ ಸಾಲಾಯಿತು. ಏಳನ್ನು ಕೆಳಗಿನ ಸಾಲಿಗೆ ಇಳಿಸಿ ನೋಡಿದ. ಅದು ಪಕ್ಕದ ಮನೆಯ ಮಗುವಿನ ಹಾಗೆ 'ಮಕ್ಕಳ ಸಂಖ್ಯೆ'ಯ ಸಾಲಿನಲ್ಲಿ ಹೋಗಿ ಕೂತಿತು. ಗಂಟೆ ನಾಲ್ಕೂ ಮುಕ್ಕಾಲಾಯಿತು. ಹೆಂಡತಿಗೆ ಈಗ ನಿಜಕ್ಕೂ ಅಳು ಬರುವಂತಾಯಿತು. ಗಲಾಟೆಗೆ ಒಳಗಿನಿಂದ ಅತ್ತೆ ಬಂದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಔಷಧಿ ಕೊಟ್ಟು ನಿವೃತ್ತರಾದವರು. ಕನ್ನಡಕ ಏರಿಸಿ ತೆರೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು.

ಅತ್ತೆ: ಇದೇನೋ ಇದು, ಸೊನ್ನೆಗಳ ಮೆರವಣಿಗೆ?

ಗಂಡ: ಅದರ ಕೊನೇಲಿ ನಾವಿದೀವಮ್ಮ.

ಅತ್ತೆ: ಐದು ಮಿಲಿಗ್ರಾಂ ಮಾತ್ರೇನ ನಾನು ಕಿಲೋ ಲೆಕ್ಕದಲ್ಲಿ ಬರೆದುಕೊಟ್ಟಿದ್ರೆ, ಚೀಟಿ ಓದಿ ಮುಗಿಸೋದ್ರೊಳಗೆ ರೋಗಿ ಮುಗಿದಿರ್ತಿದ್ದ. ಅಂಕಿ ಕಣ್ಣಿಗೆ ಕಾಣದಿದ್ರೆ ಅಳತೆ ಬದಲಾಯಿಸಬೇಕು ಕಣೋ. ಗಂಡಸರ ಕೆಲಸ ಯಾವ ಅಳತೇಲಿ ಹಿಡಿದಿದೀಯಮ್ಮ?

ಹೆಂಡತಿ: ಸೆಕೆಂಡಲ್ಲಿ ಅತ್ತೆ.

ಅತ್ತೆ: ಗಂಟೆಗೆ ತಂದು ನೋಡು.

ಹೆಂಡತಿ ಕ್ಯಾಲ್ಕುಲೇಟರ್ ಎಳೆದುಕೊಂಡು ಮೂರು ಸಾವಿರದ ಆರುನೂರರಿಂದ ಗುಣಿಸಿದಳು. ಅವಳ ಮುಖ ಅರಳಿತು.

ಹೆಂಡತಿ: ಸೊನ್ನೆ ಬಿಂದು ಎರಡು ಐದು! ಗಂಟೆಗೆ ಕಾಲು ಅಂಕ. ನಾಲ್ಕು ಗಂಟೆ ಕೆಲಸಕ್ಕೆ ಪೂರ್ತಿ ಒಂದಂಕ! ಅತ್ತೆ, ನನಗಿದು ಯಾಕೆ ಹೊಳೀಲಿಲ್ಲ?

ಗಂಡ: ಕಾಲಮ್ಮಲ್ಲೂ ಸರಿಯಾಗಿ ಕೂರುತ್ತೆ! ಹಾವೂ ಸತ್ತಿತು, ಕೋಲೂ ಉಳೀತು. ಪಕ್ಕದ ಕಾಲಮ್ಮಲ್ಲೂ ಆರು ಸೊನ್ನೆ ಆದ್ಮೇಲೆ ಒಂದು ಮೂರಿದೆ. ಅದನ್ನೂ ಗುಣಿಸಲಾ?

ಹೆಂಡತಿ: ಅಯ್ಯೋ, ಮುಟ್ಬೇಡಿ! ಕೆಲಸಕ್ಕೂ ನೆಮ್ಮದಿಗೂ ಸಂಬಂಧವೇ ಇಲ್ಲದೆ, ಬರೀ ಆಕಸ್ಮಿಕವಾಗಿ ಇಂಥ ಅಂಕಿ ಬೀಳೋ ಸಾಧ್ಯತೆ ಅದು. ಅನುಮಾನ ಅಂದ್ಕೊಳ್ಳಿ. ಅಳತೆ ಬದಲಾದ್ರೂ ಅದು ಬದಲಾಗಲ್ಲ.

ಗಂಡ: ಹಾಗಾದ್ರೆ ಅನುಮಾನ ಸೊನ್ನೆ ಅಂತ ಹಾಕ್ತೀನಿ.

ಹೆಂಡತಿ: ಅನುಮಾನ ಯಾವತ್ತೂ ಸೊನ್ನೆ ಆಗಲ್ಲ ರೀ.

ಅತ್ತೆ: ಅದು ಮದುವೆಯಾದವರಿಗೆಲ್ಲ ಗೊತ್ತು.

ಹೆಂಡತಿ: 'ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ' ಅಂತ ಹಾಕಿ. ಸಾಕು.

ಗಂಡ ಹಾಕಿದ. ಪ್ರಿಂಟರ್ ಗುರ್ ಎಂದು ಬಿಸಿ ಪುಟ ಉಗುಳಿತು. ಬೀದಿಯಲ್ಲಿ ಹಾರ್ನ್ ಕೇಳಿಸಿತು. ಹೆಂಡತಿ ವರದಿಯನ್ನು ಎದೆಗವಚಿಕೊಂಡು ಚಪ್ಪಲಿ ಹುಡುಕುತ್ತಿದ್ದಳು; ಗಂಡ ಬಾಗಿಲಲ್ಲಿ ಗೆದ್ದವನ ಹಾಗೆ ನಿಂತಿದ್ದ.

ಗಂಡ: ನೋಡಿದ್ಯಾಮ್ಮ ನಿನ್ನ ಸೊಸೇನ? ಗಂಡಸರ ಕೆಲಸವನ್ನ ಸೆಕೆಂಡಲ್ಲಿ ಅಳೆದು ಇಷ್ಟು ರಾದ್ಧಾಂತ! ಮೊದಲೇ ಗಂಟೇಲಿ ಅಳೆಯೋದಕ್ಕೆ ಏನಾಗಿತ್ತು?

ಹೆಂಡತಿ: ಅಳೆದಿದ್ದೆ. ಕೆಲಸ ಶುರು ಮಾಡೋ ಮುಂಚೆ ಅಳತೆ ಸರಿ ಇದೆಯಾ ಅಂತ ಒಂದು ವಾರ ಮನೇಲೇ ನೋಡಿದ್ದೆ. ನಿಮ್ಮ ಮೇಲೆ.

ಗಂಡ: ನನ್ನ ಮೇಲಾ? ಎಷ್ಟು ಬಂತು?

ಹೆಂಡತಿ: ಗಂಟೇಲಿ ಸೊನ್ನೆ ಬಂತು. ನಿಮಿಷಕ್ಕಿಳಿದೆ, ಅಲ್ಲೂ ಸೊನ್ನೆ. ನಿಮಗೆ ಬೇಜಾರಾಗಬಾರದು ಅಂತ ನಾನೂರು ಮನೆಗೂ ಸೆಕೆಂಡ್ ಮಾಡಿಸಿದೆ.

ಅತ್ತೆ: ಸೆಕೆಂಡಲ್ಲಿ ಎಷ್ಟು ಬಂತಮ್ಮ?

ಹೆಂಡತಿ: ಇಪ್ಪತ್ತೆಂಟು ಅತ್ತೆ. ಅದರಲ್ಲಿ ಇಪ್ಪತ್ತು, 'ಸೋಪು ಎಲ್ಲಿಟ್ಟಿದೀಯ' ಅಂತ ಕೇಳಿದ್ದು.