ಆನೆಹೆಜ್ಜೆ ರತ್ನಗಂಬಳಿಗೆ ನಾನು ಮಾಡಿಸಿದ ಸ್ನಾನ

ನಾನು ಒಮ್ಮೆ ನಿರ್ಧರಿಸಿದರೆ ಮುಗಿಯಿತು, ಹಿಂದೆ ಸರಿಯುವ ಜಾಯಮಾನವೇ ನನ್ನದಲ್ಲ! ಆ ಗುರುವಾರ ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ, ಹಲ್ಲುಜ್ಜುವ ಬ್ರಷ್ಷನ್ನು ಖಡ್ಗದಂತೆ ಎತ್ತಿ ಹಿಡಿದು ನಾನು ಘೋಷಿಸಿಯೇಬಿಟ್ಟೆ: "ಈ ರತ್ನಗಂಬಳಿಯನ್ನ ನಾನೇ ತೊಳೀತೀನಿ!"

ನಾನು ಲೈಬ್ರರಿಯನ್. ಇಪ್ಪತ್ತೆರಡು ವರ್ಷಗಳಿಂದ ಪುಸ್ತಕಗಳ ಧೂಳು ಕುಡಿದು ಬೆಳೆದವನು. ಓದಿದವನಿಗೆ ಬಾರದ ವಿದ್ಯೆ ಯಾವುದಿದೆ? ಹೀಗೆ ಓದಿಕೊಂಡೇ ನಾನು ಮನೆಯ ಗಡಿಯಾರ, ಮಿಕ್ಸರ್, ಇಸ್ತ್ರಿಪೆಟ್ಟಿಗೆಗಳನ್ನು ರಿಪೇರಿ ಮಾಡಿದ್ದೇನೆ. ಮೂರೂ ಈಗ ಅಟ್ಟದ ಮೇಲೆ ವಿಶ್ರಾಂತಿ ಪಡೆಯುತ್ತಿವೆ.

ನನ್ನ ಹೆಂಡತಿ ದಂತವೈದ್ಯೆ. ಊರವರ ಬಾಯಿ ತೆರೆಸುವುದು ಅವಳ ವೃತ್ತಿ, ನನ್ನ ಬಾಯಿ ಮುಚ್ಚಿಸುವುದು ಅವಳ ಪ್ರವೃತ್ತಿ.

"ಮುಟ್ಟಬೇಡಿ ಅದನ್ನ," ಎಂದಳು ಅವಳು ಕೈಚೀಲ ಹೆಗಲಿಗೇರಿಸುತ್ತ. "ರಗ್ಗು ರಿಪೇರಿ ಮಾಡೋ ತಾತ ಒಬ್ಬರಿದ್ದಾರೆ. ಸಂಜೆ ಫೋನ್ ಮಾಡ್ತೀನಿ."

"ಒಂದು ಟೀ ಕಲೆಗೆ ತಾತ ಯಾಕೆ? ಕಲೆ ತೆಗೆಯೋದೂ ಒಂದು ಕಲೆ ಕಣೇ!"

"ಆ ಕಲೆ ನಿಮಗೆ ಬರಲ್ಲ. ಈ ಕಲೆ ಮಾತ್ರ ನಿಮ್ಮದೇ!" ಎಂದು ನೆಲ ತೋರಿಸಿ ಹೊರಟುಹೋದಳು.

ಹೌದು, ಆ ಕಲೆ ನನ್ನದೇ. ಆದರೆ ರತ್ನಗಂಬಳಿ ನನ್ನದಲ್ಲ. ಸಂಕಟ ಇರುವುದೇ ಅಲ್ಲಿ.

ಅದು ನನ್ನ ಹೆಂಡತಿಯ ಅಕ್ಕನದು. ಮನೆಮಂದಿಗೆಲ್ಲ ಅವರು ದೊಡ್ಡಕ್ಕ. ದೊಡ್ಡ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದು, ನಿವೃತ್ತಿಯಾದ ದಿನ ತಮಗೆ ತಾವೇ ಕೊಟ್ಟುಕೊಂಡ ಉಡುಗೊರೆ ಅದು. ಅಫ್ಘನ್ ಉಣ್ಣೆಯದು, ಕೈಯಲ್ಲೇ ಗಂಟು ಹಾಕಿ ನೇಯ್ದದ್ದು. ಆರಡಿ ಅಗಲ, ಒಂಬತ್ತಡಿ ಉದ್ದ. ಕಡುಗೆಂಪು ನೆಲದ ಮೇಲೆ ಸಾಲುಸಾಲಾಗಿ ಎಂಟು ಮೂಲೆಯ ಹೂಗಳು. ಆ ಹೂವಿಗೆ ಆನೆಹೆಜ್ಜೆ ಎನ್ನುತ್ತಾರಂತೆ. ತಮ್ಮ ಮನೆಯ ನೆಲಕ್ಕೆ ಹೊಸ ಕಲ್ಲು ಹಾಕಿಸುತ್ತಿದ್ದುದರಿಂದ ದೊಡ್ಡಕ್ಕ ಅದನ್ನು ಎರಡು ತಿಂಗಳ ಮಟ್ಟಿಗೆ ನಮ್ಮಲ್ಲಿ ಬಿಟ್ಟಿದ್ದರು. "ಸುತ್ತಿಟ್ಟರೆ ಹುಳ ಬೀಳತ್ತೆ, ಹಾಸಿಡಿ. ಆದ್ರೆ ಯಾರೂ ತುಳೀಬೇಡಿ," ಎಂದು ಅವರು ಅಪ್ಪಣೆ ಕೊಡಿಸಿದ ಮೇಲೆ ನಾವಿಬ್ಬರೂ ನಮ್ಮದೇ ಹಾಲಿನಲ್ಲಿ ಗೋಡೆಗೆ ಬೆನ್ನು ಒರೆಸಿಕೊಂಡು ಏಡಿಗಳಂತೆ ಅಡ್ಡಡ್ಡ ಓಡಾಡುತ್ತಿದ್ದೆವು.

ಬುಧವಾರ ಸಂಜೆ ನನ್ನ ಸಹೋದ್ಯೋಗಿಯೊಬ್ಬ ಮನೆಗೆ ಬಂದ. ನಾನು ಸುಮ್ಮನಿರಬಹುದಿತ್ತು. ಆದರೆ ಲೈಬ್ರರಿಯ ರಗ್ಗಿನ ಪುಸ್ತಕವೊಂದನ್ನು ಅರ್ಧ ಓದಿದ್ದೆನಲ್ಲ! ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದರಲ್ಲಿ ರತ್ನಗಂಬಳಿಯ ಮೂಲೆ ಹಿಡಿದು ಉಪನ್ಯಾಸಕ್ಕಿಳಿದೆ.

"ನೋಡಪ್ಪ, ಇದರ ಬೆನ್ನು ನೋಡಬೇಕು. ಒಂದೊಂದು ಅಂಗುಲಕ್ಕೂ ನೂರು ಗಂಟು! ಒಂದಾದ್ರೂ ಸಡಿಲ ಇದೆಯಾ?"

ಒಳಗಿನಿಂದ ಹೆಂಡತಿಯ ದನಿ ಬಂತು: "ನಾನು ಒಂದೇ ಒಂದು ಗಂಟು ಹಾಕ್ಕೊಂಡು ಇಪ್ಪತ್ತು ವರ್ಷದಿಂದ ಬಿಡಿಸೋಕಾಗದೆ ಒದ್ದಾಡ್ತಿದ್ದೀನಿ!"

ಸಹೋದ್ಯೋಗಿ ನಕ್ಕ. ನಾನೂ ನಕ್ಕೆ. ನಗುವಾಗ ನನ್ನ ಎರಡೂ ಕೈ ಅಲುಗುತ್ತವೆ. ಲೋಟ ಖಾಲಿಯಾಯಿತು. ಮೂರನೆಯ ಸಾಲಿನ ಎರಡನೆಯ ಆನೆಹೆಜ್ಜೆಯ ಅಂಚಿನ ಬಿಳಿಗೆರೆ ಟೀ ಬಣ್ಣಕ್ಕೆ ತಿರುಗಿತು. ಭಾನುವಾರ ದೊಡ್ಡಕ್ಕ ಬಂದು ರತ್ನಗಂಬಳಿ ಒಯ್ಯುವವರಿದ್ದರು!

ಹಾಗಾಗಿ ಗುರುವಾರ, ನನ್ನ ವಾರದ ರಜೆಯ ದಿನ, ಹೆಂಡತಿ ಕ್ಲಿನಿಕ್ಕಿಗೆ ಹೋದದ್ದೇ ತಡ, ನಾನು ಸೊಂಟ ಕಟ್ಟಿ ನಿಂತೆ. ಪುಸ್ತಕ ತೆರೆದೆ. 'ಮನೆಯಲ್ಲೇ ತೊಳೆಯುವ ವಿಧಾನ' ಎಂಬ ಅಧ್ಯಾಯ ಸಿಕ್ಕಿತು. ತಣ್ಣೀರು ಬಳಸಿ. ಮೆದು ಸೋಪು ಬಳಸಿ. ಹತ್ತಿ ಬಟ್ಟೆ ಒತ್ತಿ ನೀರು ಹೀರಿಸಿ. 'ಆದರೆ ಯಾವುದೇ ಕಾರಣಕ್ಕೂ...' ಎನ್ನುವಲ್ಲಿಗೆ ಪುಟ ಮುಗಿದಿತ್ತು. ಮುಂದಿನ ಪುಟವನ್ನು ಯಾವನೋ ಓದುಗ ಹರಿದುಕೊಂಡು ಹೋಗಿದ್ದ! ಪುಸ್ತಕ ವಾಪಸ್ ಪಡೆಯುವಾಗ ಪುಟ ನೋಡಿಕೊಳ್ಳಬೇಕಾದ ಲೈಬ್ರರಿಯನ್ ಯಾರೆಂದು ನೆನಪಾದದ್ದರಿಂದ ಅವನನ್ನು ಜೋರಾಗಿ ಬಯ್ಯಲಿಲ್ಲ. ಒಂದು ಪುಟ ತಾನೆ, ಏನು ಮಹಾ ಇರುತ್ತದೆ ಎಂದುಕೊಂಡೆ.

ನಮ್ಮ ಬಚ್ಚಲುಮನೆ ನಾಲ್ಕಡಿಗೆ ಐದಡಿ. ಅದರ ಬಾಗಿಲು ಒಳಕ್ಕೆ ತೆರೆದುಕೊಳ್ಳುತ್ತದೆ. ಈ ಎರಡು ವಿಷಯ ಯಾವ ಪುಸ್ತಕದಲ್ಲೂ ಇರಲಿಲ್ಲ. ರತ್ನಗಂಬಳಿಯನ್ನು ಮಡಚಿ, ಎಳೆದು, ಒಳಗೆ ತುರುಕಿದೆ. ಬಾಗಿಲು ಹಾಕಿದೆ. ನಲ್ಲಿ ತಿರುಗಿಸಿದೆ. ಬಕೆಟ್ ಮೇಲೆ ಬಕೆಟ್ ಸುರಿದೆ. ಅದು ಕುಡಿಯಿತು. ಕುಡಿದೇ ಕುಡಿಯಿತು! ಬಟ್ಟೆ ಬ್ರಷ್ಷು ಹಿಡಿದು ಉಜ್ಜಿದೆ, ತಿಕ್ಕಿದೆ, ಹಾಡಿದೆ. ಆಮೇಲೆ ಕಪಾಟಿನಿಂದ ತಂದಿಟ್ಟುಕೊಂಡಿದ್ದ ಹತ್ತಿಯ ಹೊಸ ಹೊದಿಕೆಯನ್ನು ಅದಕ್ಕೆ ಸುತ್ತಿ, ಸುರುಳಿ ಮಾಡಿ, ನೀರಿಳಿಯಲಿ ಎಂದು ಗೋಡೆಗೆ ಆನಿಸಿ ನಿಲ್ಲಿಸಲು ನೋಡಿದೆ.

ಒಣಗಿದ್ದಾಗ ಅದು ಆನೆಹೆಜ್ಜೆ. ನೆನೆದ ಮೇಲೆ ಇಡೀ ಆನೆ! ಹೇಗೋ ಉಸಿರು ಬಿಗಿಹಿಡಿದು ಎತ್ತಿ ನಿಲ್ಲಿಸಿದೆ. ಅದು ಒಂದು ಕ್ಷಣ ನನ್ನನ್ನು ನೋಡಿತು. ಮರುಕ್ಷಣ ಧೊಪ್ಪೆಂದು ಅಡ್ಡಬಿದ್ದು, ಒಂದು ತುದಿ ಬಾಗಿಲಿಗೆ, ಇನ್ನೊಂದು ತುದಿ ಎದುರು ಗೋಡೆಗೆ ಕಚ್ಚಿಕೊಂಡು ಕೂತಿತು. ಬಾಗಿಲು ಎಳೆದೆ. ಒಂದು ಅಂಗುಲವೂ ಬರಲಿಲ್ಲ. ರತ್ನಗಂಬಳಿಯನ್ನು ದೂಡಿದೆ. ನಾನೇ ಜಾರಿದೆ.

ಆಗ ನೆಲ ನೋಡಿದೆ. ಬಚ್ಚಲಿನ ತೂತಿಗೆ ಹರಿದುಹೋಗುತ್ತಿದ್ದ ನೀರು ಕೆಂಪಗಿತ್ತು! ಬಣ್ಣ ಬಿಟ್ಟಿದೆ! ಮೂವತ್ತು ವರ್ಷದ ದುಡಿಮೆಯ ಉಡುಗೊರೆ ನನ್ನ ಕಣ್ಣೆದುರೇ ಮೋರಿ ಸೇರುತ್ತಿದೆ! ರತ್ನಗಂಬಳಿಯಲ್ಲಿ ರತ್ನ ಹೋಗಿ ಬರೀ ಕಂಬಳಿ ಉಳಿದರೆ ದೊಡ್ಡಕ್ಕನಿಗೆ ಯಾವ ಮುಖ ತೋರಿಸಲಿ? ಸುಳ್ಳು ಹೇಳುವುದಿಲ್ಲ, ಆ ಒದ್ದೆ ಆನೆಯ ಬೆನ್ನ ಮೇಲೆ ಕೂತು ನಾನು ಅತ್ತೇಬಿಟ್ಟೆ.

ಅಷ್ಟರಲ್ಲಿ ಕೆಳಗಿನಿಂದ ಗುಡುಗು ಕೇಳಿತು. "ಯಾರ್ರೀ ಅದು ಮೇಲೆ? ಏನ್ರೀ ಇದು ಕೆಂಪು ನೀರು?"

ಕೆಳಮನೆಯವರು ನಿವೃತ್ತ ಜೈಲರ್. ನಮ್ಮ ಬಚ್ಚಲಿನ ಕೊಳವೆ ಇಳಿಯುವುದು ಅವರು ಹೂಗಿಡ ಬೆಳೆಸಿರುವ ಹಿತ್ತಲಿಗೆ. ನಾನು ಗವಾಕ್ಷಿಗೆ ಬಾಯಿ ಹಚ್ಚಿ ಕೂಗಿದೆ: "ಸರ್, ಸಿಕ್ಕಿಹಾಕ್ಕೊಂಡಿದ್ದೀನಿ! ಮುಂಬಾಗಿಲು ತೆರೆದೇ ಇದೆ, ಬನ್ನಿ!"

ಅವರು ಬೂಟು ಸದ್ದು ಮಾಡುತ್ತ ಮೇಲೆ ಬಂದರು. ಬಾಗಿಲಿಗೆ ಎರಡು ಬಾರಿ ಭುಜ ಕೊಟ್ಟು ಉಸಿರು ಬಿಟ್ಟರು. "ನೋಡಿ ಲೈಬ್ರರಿಯವರೇ, ಮೂವತ್ತೈದು ವರ್ಷ ಒಳಗಿದ್ದವರು ಹೊರಗೆ ಬರದ ಹಾಗೆ ನೋಡ್ಕೊಂಡೆ. ಹೊರಗೆ ತರೋದು ನನಗೆ ಅಭ್ಯಾಸ ಇಲ್ಲ!"

ಹಾಲಿನಲ್ಲಿ ನನ್ನ ಫೋನ್ ಬಡಿದುಕೊಂಡಿತು. ಎತ್ತಿದವರು ಜೈಲರ್. ನಾನು ಬಾಗಿಲಿಗೆ ಕಿವಿಗೊಟ್ಟೆ.

"ಹಲೋ, ಹೌದಮ್ಮ, ನಾನು ಕೆಳಮನೆಯವನು. ನಿಮ್ಮ ಯಜಮಾನ್ರಾ? ಒಳಗಿದ್ದಾರೆ."

ಆ ಕಡೆಯಿಂದ ಅವಳು ಏನೋ ಕೇಳಿರಬೇಕು.

"ಏನು ಮಾಡಿದ್ರು ಅಂದ್ರೆ... ನಾನೂ ವಿಚಾರಿಸ್ತಾ ಇದ್ದೀನಿ. ಕೆಂಪು ನೀರು ಹರಿದಿದೆ. ಅಳ್ತಾ ಇದ್ರು. ಬರುವಾಗ ಒಬ್ಬ ಬಡಗಿ ಸಿಕ್ಕಿದ್ರೆ ಕರ್ಕೊಂಡು ಬನ್ನಿ."

ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ರೋಗಿಯನ್ನು ಹಾಗೆಯೇ ಬಿಟ್ಟು ನನ್ನ ಹೆಂಡತಿ ಓಡಿಬಂದಳು, ಬಡಗಿಯ ಸಮೇತ. "ರೀ, ಬದುಕಿದ್ದೀರಾ?" ಎಂದು ಬಾಗಿಲು ಬಡಿದಳು. "ಇದ್ದೀನಿ ಕಣೇ" ಎಂದೆ. "ಗಾಯ?" ಎಂದಳು. "ಇಲ್ಲ" ಎಂದೆ. "ಹಾಗಾದ್ರೆ ಹೊರಗೆ ಬನ್ನಿ, ನಾನು ಮಾಡ್ತೀನಿ!" ಎಂದಳು. ನನಗೆ ಹೋದ ಜೀವ ಬಂದಂತಾಯಿತು. ಅವಳು ಬಯ್ಯುತ್ತಿದ್ದಾಳೆ ಎಂದರೆ ಲೋಕ ಇನ್ನೂ ಸರಿಯಾಗಿದೆ ಎಂದರ್ಥ.

ಬಡಗಿ ಬಾಗಿಲನ್ನು ತಟ್ಟಿ, ಬಗ್ಗಿ, ಕೆಳಸಂದಿಯಲ್ಲಿ ಇಣುಕಿ ತೀರ್ಪು ಕೊಟ್ಟ. "ಅಮ್ಮಾ, ಇಲ್ಲಿ ಮೂರು ಸಾಮಾನಿದೆ. ಬಾಗಿಲು, ರಗ್ಗು, ಯಜಮಾನ್ರು. ಮೂರನ್ನೂ ಉಳಿಸೋಕಾಗಲ್ಲ, ಎರಡನ್ನ ಉಳಿಸ್ತೀನಿ. ಯಾವುದು ಹೇಳಿ?"

"ರಗ್ಗು," ಎಂದಳು ಹೆಂಡತಿ ತಕ್ಷಣ.

"ಇನ್ನೊಂದು?"

ಅವಳು ಯೋಚಿಸಿದಳು. ನಾನು ಬಚ್ಚಲಿನಲ್ಲಿ ನಿಂತು ಎಣಿಸಿದೆ, ಪೂರ್ತಿ ಹನ್ನೊಂದು ಸೆಕೆಂಡು ಯೋಚಿಸಿದಳು!

ಕೊನೆಗೆ ಬಾಗಿಲೇ ಬಲಿಯಾಯಿತು. ಬಡಗಿ ಗರಗಸ ಹಾಕಿ ಅದರ ಮೇಲರ್ಧವನ್ನು ಕೊಯ್ದು ತೆಗೆದ. ಉಳಿದ ಕೆಳಗಿನ ಅರ್ಧದ ಹಿಂದೆ ನಾನು ತೊಟ್ಟಿಕ್ಕುತ್ತ ನಿಂತಿದ್ದೆ, ಥೇಟ್ ಲೈಬ್ರರಿಯ ಕೌಂಟರಿನಲ್ಲಿ ನಿಂತಂತೆ. "ಪುಸ್ತಕ ವಾಪಸ್ ಕೊಡೋದು ಇಲ್ಲೇನಾ?" ಎಂದರು ಜೈಲರ್. ನಗಲು ಯಾರಿಗೂ ಪುರುಸೊತ್ತಿರಲಿಲ್ಲ. ನಾನು ಒಳಗಿನಿಂದ ದೂಡಿ, ಅವರು ಮೂವರೂ ಮೇಲಿನಿಂದ ಜಗ್ಗಿ, ಸುರುಳಿಯ ತುದಿ ಎತ್ತಿದಾಗ ಬಾಗಿಲು ತೆರೆಯಿತು. ರತ್ನಗಂಬಳಿಯನ್ನು ಶವದಂತೆ ಹೊತ್ತು ಟೆರೇಸಿಗೆ ಸಾಗಿಸಿದೆವು. ದಾರಿಯುದ್ದಕ್ಕೂ ಕುರಿಮಂದೆ ಹಾದುಹೋದ ವಾಸನೆ! ಎರಡನೇ ಮಹಡಿಯ ನಾಯಿ ಎದ್ದು ನಿಂತು ಬೊಗಳಿತು.

ಮಾರನೆಯ ಬೆಳಗ್ಗೆ ರಿಪೇರಿಯ ತಾತ ಬಂದರು. ಮೂಲೆಗಳಿಗೆ ಇಟ್ಟಿಗೆ ಹೇರಿ ಹಾಸಿದ್ದ ರತ್ನಗಂಬಳಿಯ ಸುತ್ತ ಒಂದು ಸುತ್ತು ಬಂದು, ಮಂಡಿಯೂರಿ ಕೂತು, ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಕೆಂಪಿನ ಮೇಲೆ ಒತ್ತಿ ತಿಕ್ಕಿದರು. ನಾನು ಕಣ್ಣು ಮುಚ್ಚಿಕೊಂಡೆ.

"ತೆಗೀರಿ ಕಣ್ಣು," ಎಂದರು. ಕರವಸ್ತ್ರ ಬೆಳ್ಳಗೇ ಇತ್ತು! "ಇದರ ಬಣ್ಣ ಹೋಗಿಲ್ಲ. ಜೊತೆಗೆ ಏನು ಹಾಕಿದ್ರಿ?"

"ಏನಿಲ್ಲ ತಾತ, ಒಂದು ಹೊಸ ಹೊದಿಕೆ ಸುತ್ತಿದ್ದೆ."

"ಯಾವ ಬಣ್ಣದ್ದು?"

"ಕೆಂಪು..."

ಹೆಂಡತಿ ಹಗ್ಗದ ಮೇಲಿದ್ದ ಆ ಹೊದಿಕೆಯನ್ನು ತಂದು ಬಿಚ್ಚಿದಳು. ಅದು ತಿಳಿಗುಲಾಬಿಯಾಗಿತ್ತು. "ಇನ್ನೂ ಒಂದು ಸಲಾನೂ ಹೊದ್ದಿರಲಿಲ್ಲ," ಎಂದಳು ಸಣ್ಣಗೆ.

"ಹೊದಿಕೆ ಬಿಟ್ಟ ಕೆಂಪು ಈ ರಗ್ಗಿನ ಅಂಚಿನ ಕುಚ್ಚಿಗೆ ಸ್ವಲ್ಪ ಹತ್ತಿದೆ, ಅಷ್ಟೆ. ತೆಗೀತೀನಿ," ಎಂದರು ತಾತ.

"ಅಷ್ಟು ನೀರು ಕುಡಿದಿದೆಯಲ್ಲ ತಾತ, ಉಣ್ಣೆ ಹಾಳಾಗಿರಲ್ವಾ?"

"ಮಳೇಲಿ ನೆಂದು ಹಾಳಾದ ಕುರಿ ಎಲ್ಲಾದ್ರೂ ನೋಡಿದ್ದೀರಾ? ಬೇಗ ಒಣಗಬೇಕು, ಅಷ್ಟೇ ಮುಖ್ಯ. ಸುರುಳಿ ಮಾಡಿಯೇ ಬಿಟ್ಟಿದ್ರೆ ಕೊಳೀತಿತ್ತು." ಬಹುಶಃ ಹರಿದುಹೋದ ಪುಟದಲ್ಲಿದ್ದದ್ದು ಇದೇ ಮಾತಿರಬೇಕು. ಆಮೇಲೆ ತಾತ ಟೀ ಕಲೆಯನ್ನು ಹುಡುಕಿದರು. ಅದು ಇದ್ದಲ್ಲೇ ಇತ್ತು, ನಗುತ್ತಿತ್ತು! ಬಚ್ಚಲಿನಲ್ಲಿ ನಾನು ಒಂದೂವರೆ ಗಂಟೆ ತಿಕ್ಕಿದ್ದು ಮಡಿಕೆಯ ಹೊರಮೈಯನ್ನು. ಅಂದರೆ ರತ್ನಗಂಬಳಿಯ ಬೆನ್ನನ್ನು!

"ಒಳ್ಳೇದಾಯ್ತು," ಎಂದರು ತಾತ. "ಬಟ್ಟೆ ಬ್ರಷ್ಷಲ್ಲಿ ರಗ್ಗಿನ ಮುಖ ತಿಕ್ಕಿದ್ರೆ ಉಣ್ಣೆಯೆಲ್ಲ ಎದ್ದುಬರ್ತಿತ್ತು. ನಿಮಗೆ ಗೊತ್ತಿಲ್ಲದ್ದೇ ಇದನ್ನ ಕಾಪಾಡ್ತು." ಒಂದು ಬಟ್ಟಲು ನೀರು, ಒಂದು ಚಮಚ ವಿನೆಗರ್, ಒಂದು ತುಂಡು ಬಟ್ಟೆ, ಹತ್ತೇ ನಿಮಿಷ. ಕಲೆ ಮಾಯ! ನಾನು ಇಡೀ ಕಟ್ಟಡದ ನೀರಿನ ಟ್ಯಾಂಕು ಖಾಲಿ ಮಾಡಿದ್ದೆ.

ಎರಡು ದಿನದ ಬಿಸಿಲಿಗೆ ರತ್ನಗಂಬಳಿ ಗರಿಗರಿಯಾಯಿತು. ಭಾನುವಾರ ಹನ್ನೊಂದಕ್ಕೆ ದೊಡ್ಡಕ್ಕ ಬಂದರು. ಹಾಲಿನಲ್ಲಿ ಅದು ಹೊಸ ಮದುಮಗಳಂತೆ ಹೊಳೆಯುತ್ತ ಬಿದ್ದಿತ್ತು. "ಬಾಯಿ ಬಿಡಬೇಡಿ" ಎಂದು ಹೆಂಡತಿ ಕಣ್ಣಲ್ಲೇ ಹೇಳಿದಳು.

ದೊಡ್ಡಕ್ಕ ಬಗ್ಗಿ ಅಂಚು ಮುಟ್ಟಿದರು. ಬೆರಳು ಮೂಸಿದರು. ಮೂವತ್ತು ವರ್ಷ ರೋಗಿಗಳ ಸುಳ್ಳನ್ನು ನಾಡಿಯಲ್ಲೇ ಹಿಡಿದವರು. ತಲೆಯೆತ್ತಿ ನನ್ನನ್ನು ನೋಡಿದರು, ಅಷ್ಟೆ.

"ಅತ್ತಿಗೆ, ತಪ್ಪಾಯ್ತು!" ಎಂದು ನಾನು ಶುರು ಮಾಡಿದೆ. ಟೀ, ಪುಸ್ತಕ, ಬಚ್ಚಲು, ಕೆಂಪು ನೀರು, ಜೈಲರ್, ಗರಗಸ, ಒಂದನ್ನೂ ಬಿಡಲಿಲ್ಲ. ನಾನು ಅತ್ತದ್ದನ್ನು ಹೆಂಡತಿ ಸೇರಿಸಿದಳು. ದೊಡ್ಡಕ್ಕ ಅಲುಗದೆ ಕೇಳಿದರು. ಆಮೇಲೆ ಎದ್ದು ಹೋಗಿ ಅರ್ಧ ಬಾಗಿಲನ್ನು ನೋಡಿ ಬಂದರು. ಬರುವಾಗ ಅವರ ಹೆಗಲು ಕುಣಿಯುತ್ತಿತ್ತು. ನಗು! ಕಣ್ಣಲ್ಲಿ ನೀರು ಬರುವಷ್ಟು ನಗು!

"ನಿಮಗೊಂದು ಗುಟ್ಟು ಹೇಳ್ಲಾ?" ಎಂದರು ಸೆರಗಿನಿಂದ ಕಣ್ಣೊರೆಸಿಕೊಂಡು. "ಮೂವತ್ತು ವರ್ಷ ವಾರ್ಡಿನ ತಣ್ಣನೆ ನೆಲದ ಮೇಲೆ ನಿಂತು ನಿಂತು ಪಾದ ಸೆಟೆದುಹೋಗಿತ್ತು. ಮೆತ್ತಗೆ ಕಾಲಿಡೋಕೆ ಅಂತಲೇ ಇದನ್ನ ತಗೊಂಡೆ. ತಗೊಂಡ ಮೇಲೆ ಹೆದರಿಕೆ, ಎಲ್ಲಿ ಹಾಳಾಗತ್ತೋ ಅಂತ. ಒಂದು ವರ್ಷದಿಂದ ನಾನೂ ಗೋಡೆ ಪಕ್ಕದಲ್ಲೇ ಓಡಾಡ್ತಾ ಇದ್ದೀನಿ!"

ಅವರು ಪಾದನೋವಿಗೆಂದು ಮನೆಯೊಳಗೂ ಹಾಕುವ ಚಪ್ಪಲಿಯನ್ನು ಬಿಟ್ಟರು. ಬರಿಗಾಲನ್ನು ಮೊದಲ ಆನೆಹೆಜ್ಜೆಯ ಮೇಲಿಟ್ಟರು. ಬೆರಳುಗಳನ್ನು ಉಣ್ಣೆಯಲ್ಲಿ ಹುದುಗಿಸಿ, ಕಣ್ಣು ಮುಚ್ಚಿ, "ಅಬ್ಬಾ" ಎಂದರು. ಹಾಗೆಯೇ ನಿಧಾನವಾಗಿ ಈ ತುದಿಯಿಂದ ಆ ತುದಿಗೆ ನಡೆದರು, ತಿರುಗಿ ಬಂದರು. ನನ್ನ ಎದೆಯ ಮೇಲಿನ ಬಂಡೆ ಇಳಿದು ನಾನೂ ಜೋರಾಗಿ ಉಸಿರುಬಿಟ್ಟೆ.

"ಅಂದ್ರೆ ನಿಮಗೆ ಸಿಟ್ಟಿಲ್ವಾ ಅತ್ತಿಗೆ?"

"ಸಿಟ್ಟು ಯಾಕೆ? ನನ್ನ ಹೆದರಿಕೆಯೇ ಹೋಯ್ತು!" ಎಂದರು ದೊಡ್ಡಕ್ಕ, ನಡುಮಧ್ಯ ಆರಾಮವಾಗಿ ಕಾಲು ಚಾಚಿ ಕೂರುತ್ತ. "ನಿಮ್ಮ ಕೈಗೆ ಸಿಕ್ಕೂ ಉಳ್ಕೊಂಡಿದೆ ಅಂದ್ಮೇಲೆ, ಇನ್ನು ಇದನ್ನ ಹಾಳು ಮಾಡೋನು ಹುಟ್ಟೇ ಇಲ್ಲ ಬಿಡಿ!"