ಅರಕಲಗೂಡಿಗೆ ಹೊರಟ ಬ್ಯಾಗು

ಊರಿಗೆಲ್ಲ ಬುದ್ಧಿ ಹೇಳುವ ಕೆಲಸ ಬಹಳ ಸುಖದ್ದು, ಅದನ್ನು ನೀವೂ ಪಾಲಿಸಿ ಎಂದು ಯಾರೂ ಗಂಟು ಬೀಳದಿದ್ದರೆ. ಹೊಳೆನರಸೀಪುರದ ನಮ್ಮ ಕಚೇರಿಗೆ ‘ಸೋಮವಾರ ಕಾರು ಬಿಡಿ, ಬಸ್ಸು ಹತ್ತಿ’ ಎಂಬ ಕಾರ್ಯಕ್ರಮ ಬಂದಾಗ ಅದರ ಉಸ್ತುವಾರಿ, ಮೊದಲ ದಿನದ ಭಾಷಣ ಎರಡೂ ನನ್ನ ತಲೆಗೆ ಬಂದವು. ಹಾಸನದಿಂದ ದಿನವೂ ಒಬ್ಬನೇ ಕಾರಿನಲ್ಲಿ ಬರುವ ಮಹಾರಾಯ ನಾನು. ‘ಸಾರ್ ಹೆಂಗೆ ಬರ್ತಾರೋ ನೋಡೇಬಿಡಾಣ’ ಎಂದು ಸಹೋದ್ಯೋಗಿಗಳು ಕಾದು ಕೂತರು.

ಬಸ್ಸು ಹತ್ತಿ ವರ್ಷಗಳೇ ಆಗಿದ್ದರೂ ಕಾಲೇಜು ದಿನಗಳ ವಿದ್ಯೆ ಮರೆತಿರಲಿಲ್ಲ. ಹಾಸನದ ನಿಲ್ದಾಣದಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಬ್ಯಾಗು ತೂರಿಸಿ ಸೀಟು ಹಿಡಿದೆ. ಎದೆಯುಬ್ಬಿಸಿಕೊಂಡು ಮುಂದೆ ಬಂದು ಬೋರ್ಡು ನೋಡಿದರೆ ಅರಕಲಗೂಡು ಎಂದಿದೆ. ಬಾಗಿಲಲ್ಲಿ ಜನ ಜೋತುಬಿದ್ದಿದ್ದರು. ಕಿಟಕಿಯ ಹತ್ತಿರ ಓಡುವಷ್ಟರಲ್ಲಿ ಬಸ್ಸು ಹೊರಟೇಬಿಟ್ಟಿತು. ಬ್ಯಾಗಿನಲ್ಲಿ ನನ್ನ ಊಟದ ಡಬ್ಬಿಯ ಜೊತೆ ಸಭೆ ನಡೆಯುವ ಹಾಲಿನ ಬೀಗದ ಕೈ ಇತ್ತು. ಅದಿಲ್ಲದೆ ಸಭೆಯೇ ಇಲ್ಲ, ನನ್ನ ಮಾನವೂ ಇಲ್ಲ. ಹೆಂಡತಿಗೆ ಫೋನು ಮಾಡಿದೆ.

‘ಕಾರು ತರ್ತೀನಿ, ಅಲ್ಲೇ ನಿಂತಿರಿ. ಮತ್ತೆ ಯಾವ ಬಸ್ಸಿಗೂ ಏನೂ ಎಸೀಬೇಡಿ’ ಎಂದಳು.

ಬೆನ್ನಟ್ಟಿ ಹೋದ ನಮಗೆ ಗೊರೂರಿನಲ್ಲಿ ಆ ಬಸ್ಸು ಸಿಕ್ಕಿತು. ‘ಬ್ಯಾಗು ನಿಮ್ದಾ ಸಾ? ಅದೇನ್ ಗತ್ತಾಗಿ ಕೂತ್ಕಂಡ್ ಬಂದದೆ ನೋಡಿ’ ಎಂದ ಕಂಡಕ್ಟರ್. ಒಳಗೆ ಕಾಲಿಡಲು ಜಾಗವಿಲ್ಲ, ಆದರೂ ಆ ಸೀಟಿನಲ್ಲಿ ನನ್ನ ಬ್ಯಾಗು ಒಂದೇ. ಪಕ್ಕದಲ್ಲಿ ಒಬ್ಬ ಅಜ್ಜಿ ಕಂಬಿ ಹಿಡಿದು ನಿಂತಿದ್ದರು.

‘ಇದನ್ನ ತೆಗೆದು ಕೂರಬಾರದಿತ್ತಾ ಅಜ್ಜಿ?’

‘ಯಾರೋ ಸೀಟು ಇಡ್ದವ್ರೆ, ಇಂದ್ಗಡೆ ಸಿಕ್ಕಾಕ್ಕಂಡವ್ರೆ ಅಂದ್ಕಂಡೆ ಕಣಪ್ಪ. ಇನ್ನೊಬ್ರು ಸೀಟಲ್ಲಿ ಎಂಗ್ ಕೂರದು?’

ಹಾಸನದಿಂದ ಗೊರೂರಿನವರೆಗೆ ಆ ಮುದುಕಿ ನಿಂತೇ ಬಂದು, ಗುರುತು ಪರಿಚಯವಿಲ್ಲದ ನನಗೆ ಜಾಗ ಕಾದಿದ್ದರು. ಬ್ಯಾಗು ತೆಗೆದುಕೊಂಡು, ಕೈಮುಗಿದು ಅವರನ್ನು ಕೂರಿಸಿದೆ. ‘ಸಾಕು ಓಗಪ್ಪ, ಬಸ್ಸು ಒಂಟದೆ’ ಎಂದು ನನ್ನನ್ನೇ ಸಾಗಹಾಕಿದರು.

ಹೆಂಡತಿ ಕಚೇರಿಯ ಹಿಂದಿನ ರಸ್ತೆಯಲ್ಲಿ ನನ್ನನ್ನು ಇಳಿಸಿದಳು. ಬ್ಯಾಗಿನಿಂದ ಬೀಗದ ಕೈ ಮಾತ್ರ ಕಿತ್ತುಕೊಂಡು ಓಡಿದೆ. ಬರೆದುಕೊಂಡ ಭಾಷಣ ಬಿಟ್ಟು ಅಜ್ಜಿಯ ಕತೆಯನ್ನೇ ಹೇಳಿದೆ, ಕಾರಿನ ಮಾತು ಮಾತ್ರ ಎತ್ತಲಿಲ್ಲ. ಒಬ್ಬನೇ ಕಾರಿನಲ್ಲಿ ಕೂತವನಿಗೆ ಇಂಥವರ ಋಣ ಸಿಗುವುದಿಲ್ಲ, ದಯವಿಟ್ಟು ಬಸ್ಸು ಹತ್ತಿ ಎಂದೆ. ಮನಸಾರೆ ಹೇಳಿದ ಮಾತು ಅದು. ಎಲ್ಲರೂ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಲ್ಲುವುದಕ್ಕೂ ಅಂಗಳದಲ್ಲಿ ಹಾರ್ನ್ ಕೇಳುವುದಕ್ಕೂ ಸರಿಹೋಯಿತು. ನನ್ನ ಕಾರಿನ ಕಿಟಕಿಯಿಂದ ಹೆಂಡತಿ ಬ್ಯಾಗು ಎತ್ತಿ ತೋರಿಸುತ್ತಿದ್ದಳು. ಊಟದ ಡಬ್ಬಿ ಅದರಲ್ಲೇ ಉಳಿದಿತ್ತು.